ಓದುಗರ ಪ್ರಶ್ನೆ: ನಾಯಿಯ ಕೊರಳಲ್ಲಿ ಮನೆಯ ನಂಬರು

ಪ್ರಶ್ನೆ: ಕುಂಬಳೆ ಬೆಡಿಯ (ಜಾತ್ರೆಯ ಸುಡುಮದ್ದಿನ) ರಾತ್ರಿ ನಮ್ಮ ನಾಯಿ ಸದ್ದಿಗೆ ಹೆದರಿ ಬೇಲಿ ಹಾರಿ ಓಡಿತು. ನಾಲ್ಕನೆಯ ದಿನ ಆರಿಕ್ಕಾಡಿಯ ಒಂದು ಮನೆಯಲ್ಲಿ ಸಿಕ್ಕಿತು. ಅವರು ಮೊದಲ ದಿನದಿಂದಲೂ ಅನ್ನ ಹಾಕಿ ನೋಡಿಕೊಂಡಿದ್ದರು, ಆದರೆ ಯಾರದೆಂದು ತಿಳಿಯುವ ದಾರಿ ಇರಲಿಲ್ಲ. ಬೆಲ್ಟಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದ ನಂಬರು ಮಾಸಿಹೋಗಿತ್ತು. ಮೈಕ್ರೋಚಿಪ್ ಹಾಕಿಸಿದರೆ ನಾಯಿ ಎಲ್ಲಿದೆಯೆಂದು ಮೊಬೈಲಿನಲ್ಲೇ ಕಾಣುತ್ತದೆ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಹಾಕಿಸಬಹುದು, ಆದರೆ ಅದು ನಾಯಿ ಇರುವ ಜಾಗವನ್ನು ತೋರಿಸುವುದಿಲ್ಲ. ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೊಳವೆಯೊಳಗಿರುವ ಈ ಚಿಪ್ಪನ್ನು ಪಶುವೈದ್ಯರು ದಪ್ಪ ಸೂಜಿಯಿಂದ ನಾಯಿಯ ಹೆಗಲೆಲುಬುಗಳ ನಡುವೆ, ಚರ್ಮದ ಅಡಿಯಲ್ಲಿ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಚಿಪ್ ಓದುವ ಯಂತ್ರವಾದ ರೀಡರನ್ನು ಮೈಗೆ ತೀರಾ ಸಮೀಪ ಹಿಡಿದಾಗ ಮಾತ್ರ 15 ಅಂಕಿಗಳ ಒಂದು ಸಂಖ್ಯೆ ಕಾಣಿಸುತ್ತದೆ. ಆ ಸಂಖ್ಯೆ ಯಾವುದಾದರೂ ದಾಖಲೆಯಲ್ಲಿ ನಿಮ್ಮ ಹೆಸರು ಮತ್ತು ಫೋನಿನೊಂದಿಗೆ ಸೇರಿದ್ದರೆ ಮಾತ್ರ ಪ್ರಯೋಜನ. ಆದ್ದರಿಂದ ಚಿಪ್ ಹಾಕಿಸುವಾಗ ನೋಂದಣಿ ಎಲ್ಲಿ ಆಗುತ್ತದೆ ಎಂದು ವೈದ್ಯರನ್ನು ಕೇಳಿ, ಮೊಬೈಲ್ ನಂಬರು ಬದಲಾದ ದಿನವೇ ಅಲ್ಲಿಯೂ ತಿದ್ದಿಸಬೇಕು. ಕಳಚಿ ಬೀಳದ, ಮಾಲಿಕತ್ವದ ಬಗ್ಗೆ ತಕರಾರು ಬಂದಾಗ ನೆರವಾಗುವ ಗುರುತೆಂಬ ಕಾರಣಕ್ಕೆ ನಾನು ಅದನ್ನು ಬೇಡವೆನ್ನಲಾರೆ.

ಆದರೆ ನಿಮ್ಮ ಅನುಭವವನ್ನೇ ನೋಡಿ. ನಾಯಿ ಸಿಕ್ಕಿದ್ದು ಅಂಗಳದಲ್ಲಿ ಅನ್ನ ಹಾಕಿದ ಮನೆಯವರಿಗೆ, ಮತ್ತು ಅವರ ಬಳಿ ರೀಡರ್ ಇರುವುದಿಲ್ಲ. ಅವರ ಕಣ್ಣಿಗೆ ಬೀಳಬೇಕಾದದ್ದು ಫೋನ್ ನಂಬರು. ಸ್ಟೀಲ್ ಪಾತ್ರೆಗಳಿಗೆ ಹೆಸರು ಕೊರೆದುಕೊಡುವ ಅಂಗಡಿಯಲ್ಲಿ ಒಂದು ಸಣ್ಣ ಸ್ಟೀಲ್ ಬಿಲ್ಲೆಯ ಮೇಲೆ ಎರಡು ನಂಬರುಗಳನ್ನು ಕೊರೆಯಿಸಿ. ಒಂದು ನಿಮ್ಮದು, ಇನ್ನೊಂದು ನೀವು ಊರಲ್ಲಿಲ್ಲದಾಗ ಫೋನ್ ಎತ್ತುವವರದು. ಕನ್ನಡ, ಮಲಯಾಳ, ತುಳು ಎಲ್ಲವೂ ಕೇಳಿಬರುವ ನಮ್ಮ ಊರುಗಳಲ್ಲಿ ಯಾವ ಲಿಪಿಯಲ್ಲಿ ಬರೆಯಿಸಬೇಕೆಂಬ ಚಿಂತೆ ಬೇಡ, 1, 2, 3 ಎಂಬ ಅಂಕಿಗಳನ್ನು ಎಲ್ಲರೂ ಓದುತ್ತಾರೆ. ಜೋತಾಡುವ ಬಿಲ್ಲೆ ಬೇಲಿಯ ತಂತಿಗೆ ಸಿಕ್ಕಿಕೊಳ್ಳುವುದುಂಟು. ಬೆಲ್ಟಿಗೇ ಚಪ್ಪಟೆಯಾಗಿ ರಿವೆಟ್ ಹೊಡೆಸಿದರೆ ಆ ತೊಂದರೆಯಿಲ್ಲ, ನಮ್ಮ ಮಳೆಗಾಲಕ್ಕೂ ಅಳಿಯುವುದಿಲ್ಲ. ಬೆಲ್ಟಿನ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಅದಕ್ಕಿಂತ ಸಡಿಲವಾದರೆ ಹೆದರಿದ ನಾಯಿ ತಲೆ ಹಿಂದಕ್ಕೆಳೆದು ಕಳಚಿಕೊಳ್ಳುತ್ತದೆ.

ನಾಯಿಯ ಎರಡು ಬದಿಯ, ಮುಖದ, ಬಾಲದ ಚಿತ್ರಗಳನ್ನೂ ಹೊಟ್ಟೆಯ ಮೇಲಿನ ಮಚ್ಚೆಯಂಥ ವಿಶೇಷ ಗುರುತುಗಳ ಚಿತ್ರವನ್ನೂ ಇಂದೇ ತೆಗೆದಿಡಿ. ಊರಿನ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸುವಾಗ ಒಂದು ಗುರುತನ್ನು ಹೇಳದೆ ಉಳಿಸಿಕೊಂಡರೆ, ಫೋನ್ ಮಾಡಿದವರ ಬಳಿ ಇರುವುದು ನಿಮ್ಮ ನಾಯಿಯೇ ಎಂದು ಪರೀಕ್ಷಿಸಬಹುದು. ಕೇರಳದ 1998ರ ಪಂಚಾಯತ್ ನಿಯಮಗಳ ಪ್ರಕಾರ ಸಾಕುನಾಯಿಗೆ ಗ್ರಾಮ ಪಂಚಾಯತಿನ ಪರವಾನಗಿ ಬೇಕು. ಅದಕ್ಕಾಗಿ ರೇಬೀಸ್ ಲಸಿಕೆಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ಎರಡು ಕಾಗದಗಳೂ ನಾಯಿ ನಿಮ್ಮದೆನ್ನಲು ಆಧಾರವಾಗುತ್ತವೆ. ಮುಂದಿನ ಬೆಡಿಯ ದಿನ ಮಾತ್ರ ಸಂಜೆಯೇ ಅದನ್ನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿ ಇರಿಸಿ.

ಪ್ರಶ್ನೆ: ಗುರುತಿಗಾಗಿ ಸಾಕುನಾಯಿಯ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿದರೆ ಸಾಕಲ್ಲವೇ?
– ಓದುಗರೊಬ್ಬರು, ಹೊಸಂಗಡಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗೆ, ಅರಿವಳಿಕೆಯಲ್ಲಿರುವಾಗಲೇ ವೈದ್ಯರು ಹಾಕುವ ಗುರುತು ಅದು. ಕಿವಿ ಕತ್ತರಿಸಿದ ನಿಮ್ಮ ನಾಯಿ ದಾರಿ ತಪ್ಪಿದರೆ, ಕಂಡವರು ಬೀದಿನಾಯಿಯೆಂದೇ ತಿಳಿದು ಸುಮ್ಮನೆ ಮುಂದೆ ಹೋಗುತ್ತಾರೆ.