ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಶುಕ್ರವಾರ ಬಂದ ಎರಡು ಸಿನಿಮಾ

ಪ್ರಶ್ನೆ: ಸರ್, ಹೋದ ಸಂಚಿಕೇಲಿ ‘ತಿಥಿ’ನೂ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ನೂ ಒಂದೇ ಉಸಿರಲ್ಲಿ ಹೊಗಳಿಬಿಟ್ರಿ. ನಮ್ಮ ಮಂಡ್ಯ ಕಡೆ ಹಳ್ಳಿ ಕಥೆಗೂ ಆ ಹಾರಾಡೋ ಜನಕ್ಕೂ ಏನ್ ಸಂಬಂಧ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲನೇ ಸಂಬಂಧ ಕ್ಯಾಲೆಂಡರ್‌ದು ಕಣ್ರೀ. ಎರಡೂ ಇಲ್ಲಿ ತೆರೆಗೆ ಬಂದಿದ್ದು 2016ರ ಮೇ 6, ಒಂದೇ ಶುಕ್ರವಾರ. ಶನಿವಾರ ಅಕ್ಕನ ಮಗ ಹಠ ಹಿಡಿದ ಅಂತ ಸಿವಿಲ್ ವಾರ್‌ಗೆ ಹೋದೆ, ಭಾನುವಾರ ಅಪ್ಪನ್ನ ಕರ್ಕೊಂಡು ತಿಥಿಗೆ ಹೋದೆ, ಅವತ್ತಿಂದ ಅವೆರಡೂ ನನ್ ತಲೇಲಿ ಜೋಡಿಯಾಗೇ ಕೂತವೆ.

ಎರಡರಲ್ಲೂ ಇರೋದು ಅಪ್ಪನ ಸಾವು, ಅದರ ಮುಂದೆ ನಿಂತಿರೋ ಮಗ. ಸಿವಿಲ್ ವಾರ್‌ನಲ್ಲಿ ಐರನ್ ಮ್ಯಾನ್ ಆಗಿರೋ ಟೋನಿ ಸ್ಟಾರ್ಕ್‌ಗೆ ಕೊನೇಲಿ 1991ರ ಒಂದು ಹಳೇ ವಿಡಿಯೋ ತೋರಿಸ್ತಾರಲ್ಲ, ಅಪ್ಪ ಅಮ್ಮನ್ನ ಕೊಂದಿದ್ದು ಅಲ್ಲೇ ಎದುರಿಗೆ ನಿಂತಿರೋ ಬಕಿ ಅಂತ ಗೊತ್ತಾಗುತ್ತೆ, ಅದು ಗೆಳೆಯ ಸ್ಟೀವ್‌ಗೆ, ಅಂದ್ರೆ ಕ್ಯಾಪ್ಟನ್ ಅಮೆರಿಕಗೆ, ಗೊತ್ತಿದ್ದೂ ಇಷ್ಟ್ ದಿನ ಬಾಯಿ ಬಿಟ್ಟಿಲ್ಲ ಅಂತಾನೂ ಗೊತ್ತಾಗುತ್ತೆ, ಆಗ ಟೋನಿ ಮುಖ ನೋಡೋಕಾಗಲ್ಲ. ಮುಂದಿನ ಹೊಡೆದಾಟ ಬರೀ ಮೂರು ಜನರದ್ದು. ನಂಗೆ ಇಡೀ ಸಿನಿಮಾದಲ್ಲಿ ಎದೆಗೆ ನಾಟಿದ್ದು ಅದೊಂದೇ. ಅದೇ ಸಿನಿಮಾದಲ್ಲಿ ಬ್ಲ್ಯಾಕ್ ಪ್ಯಾಂಥರ್ ಆಗಿರೋ ಟಿಚಾಲಾಗೂ ಅಪ್ಪನ್ನ ಕಳ್ಕೊಂಡ ಸಿಟ್ಟಿದೆ, ಆದ್ರೆ ಕೊನೇಲಿ ಕೊಂದವನು ಕೈಗೆ ಸಿಕ್ಕಿದ್ರೂ ಸಾಯಿಸಲ್ಲ. ಆ ಪಾತ್ರ ಮಾಡಿರೋ ಚಾಡ್ವಿಕ್ ಬೋಸ್ಮನ್ ಆ ಸೀನನ್ನ ಎಷ್ಟು ತಣ್ಣಗೆ ಮಾಡಿದ್ದಾನೆ ಅಂದ್ರೆ, 2020ರಲ್ಲಿ ಅವನು ತೀರ್ಕೊಂಡ ಅಂದಾಗ ನಂಗೆ ನೆನಪಾಗಿದ್ದೂ ಅದೇ.

ಈಗ ತಿಥೀಲಿ ನಮ್ಮ ಗಡ್ಡಪ್ಪನ್ನ ನೋಡಿ. 101 ವರ್ಷದ ಸೆಂಚುರಿ ಗೌಡ ಸತ್ತ ಅಂತ ಹೊಲಕ್ಕೆ ಬಂದು ಹೇಳಿದ್ರೆ ಹಿರೀಮಗ ಕಣ್ಣೀರಿಡಲ್ಲ, ಬೀಡಿ, ಟೈಗರ್ ಬ್ರಾಂದಿ, ಅವನ ಓಡಾಟ ಅವನದು. ಏನಪ್ಪಾ ಇವ್ನು ಕಲ್ಲು ಅನ್ಕೊಂಡಿರ್ತೀವಿ. ಆಮೇಲೆ ಕುರಿ ಕಾಯೋರ ಜೊತೆ ರಾತ್ರಿ ಬೆಂಕಿ ಮುಂದೆ ಕೂತು ತನ್ನ ಸಂಸಾರದ ಕಥೆ ಹೇಳ್ತಾನೆ, ಏನಂತ ನಾನಿಲ್ಲಿ ಬರೆಯಲ್ಲ, ನೋಡದೇ ಇರೋರು ಇನ್ನೂ ಇದ್ದಾರೆ. ದನಿ ಏರಿಸಲ್ಲ, ಅಳಲ್ಲ, ಹೇಳಿ ಮುಗಿಸ್ತಾನೆ ಅಷ್ಟೇ. ಟೋನಿ ಸಿಕ್ಕಿದ್ದನ್ನೆಲ್ಲ ಪುಡಿ ಮಾಡ್ದ, ಇವ್ನು ಅಷ್ಟೇ ಭಾರ ಹೊತ್ಕೊಂಡು ಅಷ್ಟು ವರ್ಷ ಹೊಲದಲ್ಲಿ ಅಲೀತಿದ್ದ.

ಪ್ರಶ್ನೆ: ಕಾಮಿಕ್ಸ್ ಓದಿರೋ ನನ್ ಮಗ ಸಿವಿಲ್ ವಾರ್ ಸಿನಿಮಾದಲ್ಲಿ ಕಥೆ ಕೆಡಿಸಿದ್ದಾರೆ ಅಂತಾನೆ. ಹೌದಾ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬದಲಾಯಿಸಿದ್ದಾರೆ, ಕೆಡಿಸಿಲ್ಲ. 2006-07ರಲ್ಲಿ ಮಾರ್ಕ್ ಮಿಲ್ಲರ್ ಬರೆದ ಕಾಮಿಕ್ಸ್‌ನಲ್ಲಿ ಜಗಳ ಅಸಲಿ ಹೆಸರು ಸರ್ಕಾರಕ್ಕೆ ಕೊಡಬೇಕಾ ಬೇಡವಾ ಅಂತ, ಸ್ಪೈಡರ್‌ಮ್ಯಾನ್ ಎಲ್ಲರ ಮುಂದೆ ಮುಖವಾಡ ತೆಗೀತಾನೆ. ಸಿನಿಮಾದಲ್ಲಿ ಟೋನಿ ಯಾರು ಸ್ಟೀವ್ ಯಾರು ಅಂತ ಜಗತ್ತಿಗೇ ಗೊತ್ತು, ಅದಕ್ಕೇ ಈ ಹೀರೋಗಳನ್ನ ಹದ್ದುಬಸ್ತಲ್ಲಿಡೋ 117 ದೇಶದ ಒಪ್ಪಂದ ತಂದು ನೀವು ಯಾರ ಮಾತು ಕೇಳ್ತೀರಿ ಅನ್ನೋ ಪ್ರಶ್ನೆ ಇಟ್ರು. ಸರಿಯಾಗೇ ಇದೆ. ನನ್ ತಕರಾರು ಏರ್‌ಪೋರ್ಟ್ ಫೈಟ್ ಬಗ್ಗೆ. ಕಡೆಗೊಬ್ಬ ಬೀಳೋವರೆಗೂ ಯಾರಿಗೂ ಏನೂ ಆಗಲ್ಲ ಅಂತ ನೋಡೋರಿಗೆ ಗೊತ್ತು, ಹೊಡೀತಾ ಹೊಡೀತಾ ತಮಾಷೆ ಮಾತು ಬೇರೆ. ಮಗನಿಗೆ ಅದೇ ಇಷ್ಟ ಆಗಿರುತ್ತೆ, ಬಿಡಿ.

ಪ್ರಶ್ನೆ: ತಿಥಿ ಅವಾರ್ಡ್ ಸಿನಿಮಾ, ನಿಧಾನ ಅಂತಾರೆ. ಮೊಬೈಲ್‌ನಲ್ಲಿ ನೋಡಿದ್ರೆ ಸಾಕಾ ಸರ್? ಮನೆಯವರೆಲ್ಲ ಕೂತು ನೋಡಬಹುದಾ?
– ಓದುಗರು, ಮಂಡ್ಯ

ಉತ್ತರ: ಅಮ್ಮಾ, ಬೈಗುಳ ಇದೆ, ಕುಡಿಯೋದಿದೆ, ಸಣ್ಣ ಮಕ್ಕಳು ಬೇಡ. ಉಳಿದಂಗೆ ಎಲ್ಲಾರೂ ನೋಡಿ. ಅವಾರ್ಡ್ ಬಂದಿರೋದು ನಿಜ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿದೆ, ಆಮೇಲೆ ರಾಷ್ಟ್ರಪ್ರಶಸ್ತಿ. ಆದ್ರೆ ಅವತ್ತು ಥಿಯೇಟರ್‌ನಲ್ಲಿ ಜನ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಅವಾರ್ಡ್‌ಗಲ್ಲ, ತೆರೆ ಮೇಲೆ ಮಾತಾಡ್ತಿದ್ದ ಭಾಷೆ ತಮ್ಮ ಮನೇದು ಅಂತ. ನಿರ್ದೇಶಕ ರಾಮ್ ರೆಡ್ಡಿ, ಜೊತೆಗೆ ಕಥೆ ಬರೆದ ಈರೇಗೌಡ, ಇಬ್ರೂ ನಿಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಹಳ್ಳಿ ಜನರನ್ನೇ ಹಾಕ್ಕೊಂಡು ತೆಗೆದಿದ್ದು.

ಮೊಬೈಲ್ ಮಾತ್ರ ಬೇಡಮ್ಮ. ದೊಡ್ಡ ಸಿನಿಮಾಗೆ ಥಿಯೇಟರು, ಸಣ್ಣ ಸಿನಿಮಾಗೆ ಫೋನು ಅಂತ ಎಲ್ಲಾರೂ ಹೇಳ್ತಾರೆ, ನಾನು ಉಲ್ಟಾ ಹೇಳ್ತೀನಿ. ಸಿವಿಲ್ ವಾರ್ ಎಲ್ಲಿ ಹಾಕಿದ್ರೂ ಅದರ ಸದ್ದೇ ನಿಮ್ಮನ್ನ ಹಿಡ್ಕೊಂಡು ಕೂರಿಸುತ್ತೆ, ತಿಥೀಲಿ ಹಿನ್ನೆಲೆ ಸಂಗೀತ ಅನ್ನೋದೇ ಇಲ್ಲ, ಕುರಿ ಸದ್ದು, ಬೈಕ್ ಸದ್ದು, ದೂರದಲ್ಲಿ ಯಾರೋ ಕೂಗೋದು, ಇಷ್ಟೇ, ಮನೇಲಿ ಕುಕ್ಕರ್ ಒಂದು ವಿಷಲ್ ಹಾಕಿದ್ರೆ ಅದು ಹೋಯ್ತು. ಮತ್ತೆ ಆ ನಗು ಒಬ್ರೇ ನಗೋದಲ್ಲ, ಪಕ್ಕದ ಸೀಟ್‌ನವರು ನಕ್ಕಾಗ ನಮಗೂ ಬರುತ್ತೆ. ಈಗ ಥಿಯೇಟರ್‌ನಲ್ಲಿ ಸಿಗಲ್ಲ ಅಂದ್ರೆ ಊಟ ಎಲ್ಲಾ ಮುಗಿದ ಮೇಲೆ ಟೀವೀಲಿ ಹಾಕಿ, ನಾಲ್ಕು ಜನ ಜೊತೆಗೆ ಕೂತ್ಕೊಳ್ಳಿ, ಹಿರಿಯರನ್ನ ಮುಂದೆ ಕೂರಿಸಿ.

ಯಾಕಂದ್ರೆ ಕಥೇಲಿ ಮೊಮ್ಮಗ ತಮ್ಮಣ್ಣ ಜಮೀನು ಮಾರೋಕೆ ಹೋಗಿ, ಅದು ಇನ್ನೂ ತಾತನ ಹೆಸರಲ್ಲೇ ಇದೆ ಅಂತ, ಬದುಕಿರೋ ಅಪ್ಪ ಗಡ್ಡಪ್ಪನ್ನೇ ಸತ್ತ ಅಂತ ಸರ್ಟಿಫಿಕೇಟ್ ಮಾಡಿಸ್ತಾನಲ್ಲ, ಆ ಸೀನಲ್ಲಿ ಥಿಯೇಟರೆಲ್ಲಾ ನಗ್ತಿದ್ರೆ ನಮ್ಮಪ್ಪ ನಗಲಿಲ್ಲ. ವಾಪಸ್ ಬರೋವಾಗ ಬಸ್ಸಲ್ಲಿ ಕಿಟಕಿ ಕಡೆ ನೋಡ್ತಾ, ಪಾಂಡವಪುರದ ಜಮೀನು ಇನ್ನೂ ನಮ್ಮಯ್ಯನ ಹೆಸರಲ್ಲೇ ಅದೆ ಕಣ್ಲಾ ಅಂದ್ರು. ಮುಂದಿನ ವಾರವೇ ಇಬ್ರೂ ಪಹಣಿ ಹಿಡ್ಕೊಂಡು ತಾಲ್ಲೂಕು ಆಫೀಸಿಗೆ ಪೌತಿ ಖಾತೆಗೆ ಅರ್ಜಿ ಕೊಡೋಕೆ ಹೋದ್ವಿ.