ತಮ್ಮ ಅಣಬೆ ಶಿಬಿರಕ್ಕೆ ಹೊರಟಿದ್ದಾನೆ, ಜೊತೆಗೆ ಹೋಗಲೇ?

ಪ್ರಶ್ನೆ: ನನ್ನ ತಮ್ಮನಿಗೆ 33 ವರ್ಷ. ಎರಡು ವರ್ಷದ ಹಿಂದೆ ಶಿರಾಡಿ ಘಾಟಿಯಲ್ಲಿ ಅವನು ಓಡಿಸುತ್ತಿದ್ದ ಕಾರಿಗೆ ಲಾರಿ ಗುದ್ದಿ, ಪಕ್ಕದಲ್ಲಿ ಕೂತಿದ್ದ ಗೆಳೆಯ ತೀರಿಕೊಂಡ. ಅಂದಿನಿಂದ ಇವನು ಸ್ಟಿಯರಿಂಗ್ ಮುಟ್ಟಿಲ್ಲ. ರಾತ್ರಿ ಬೆವತು ಎದ್ದು ಕೂರುತ್ತಾನೆ. ಮನೋವೈದ್ಯರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ ಎಂದರು. ನಾಲ್ಕು ತಿಂಗಳಿಂದ ಸರ್ಟ್ರಾಲಿನ್ ಎಂಬ ಖಿನ್ನತೆ ನಿವಾರಕ ಮಾತ್ರೆ 50 ಮಿಲಿಗ್ರಾಂ ತಗೊಳ್ಳುತ್ತಿದ್ದಾನೆ, ಹೇಳಿಕೊಳ್ಳುವಂಥ ಗುಣವಿಲ್ಲ. ಈಗ ಪರಿಚಯದವರೊಬ್ಬರು ಬೆಟ್ಟದ ಮೇಲಿನ ರೆಸಾರ್ಟಿನಲ್ಲಿ ಎರಡು ದಿನದ ಶಿಬಿರಕ್ಕೆ ಕರೆದಿದ್ದಾರೆ. ಮ್ಯಾಜಿಕ್ ಮಶ್ರೂಮ್ ಕೊಟ್ಟು ಒಳಗಿನ ನೋವನ್ನೆಲ್ಲ ಹೊರಹಾಕಿಸುತ್ತಾರಂತೆ. ನೂರಕ್ಕೆ 71 ಜನ ವಾಸಿಯಾಗಿದ್ದಾರೆ ಎಂದು ಮೊಬೈಲಿನಲ್ಲಿ ತೋರಿಸುತ್ತಾನೆ. ಒಂದು ವಾರ ಮುಂಚೆ ಮಾತ್ರೆ ನಿಲ್ಲಿಸಬೇಕಂತೆ. ‘ಅಕ್ಕ, ನೀನೂ ಬಾ, ಅಮ್ಮನಿಗೆ ಹೇಳಬೇಡ’ ಅನ್ನುತ್ತಾನೆ. ನಾನು ಹೋಗದಿದ್ದರೆ ಒಬ್ಬನೇ ಹೋಗಿಬಿಡುತ್ತಾನೆ. ನಮ್ಮ ಸೋದರಮಾವ ಚಿಕ್ಕ ವಯಸ್ಸಿನಲ್ಲಿ ಎರಡು ಸಲ ಮಾನಸಿಕ ಆಸ್ಪತ್ರೆ ಸೇರಿದ್ದರು. ಮನೆಯಲ್ಲಿ ಆ ವಿಷಯ ಯಾರೂ ಎತ್ತುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ನೀವೂ ಹೋಗಬೇಡಿ, ಅವರನ್ನೂ ಹೋಗದಂತೆ ತಡೆಯಲು ನೋಡಿ. ನಿಮ್ಮ ಪತ್ರದ ಕೊನೆಯಲ್ಲಿ ಬಂದ ಸೋದರಮಾವನ ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ರಕ್ತಸಂಬಂಧಿಗಳಲ್ಲಿ ಇದ್ದರೆ ಸೈಲೊಸೈಬಿನ್ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಅಣಬೆಯಲ್ಲಿರುವ ಈ ಅಂಶ ಅಂಥವರಲ್ಲಿ ಚಿತ್ತವಿಭ್ರಮೆಯನ್ನು ಕೆರಳಿಸಬಹುದು ಎಂಬ ಭಯ ಅದಕ್ಕೆ ಕಾರಣ. ಶಿಬಿರದವರು ಈ ಪ್ರಶ್ನೆ ಕೇಳಿದ್ದಾರೆಯೇ? ತಮ್ಮನನ್ನು ವಿಚಾರಿಸಿ.

ಇನ್ನು ಆ 71. ಅದು ನಿಜವಾದ ಅಂಕಿಯೇ, ಆದರೆ ಅಣಬೆಯದ್ದಲ್ಲ. 2023ರಲ್ಲಿ ಪ್ರಕಟವಾದ, ಎಂಡಿಎಂಎ ಎಂಬ ಬೇರೆಯೇ ರಾಸಾಯನಿಕದ ಪ್ರಯೋಗದ್ದು. ಪಿಟಿಎಸ್‌ಡಿ ಇದ್ದ 104 ಜನ ಅದರಲ್ಲಿದ್ದರು. ಸೈಲೊಸೈಬಿನ್‌ನ ದೊಡ್ಡ ಪ್ರಯೋಗಗಳು ನಡೆದಿರುವುದು ಮುಖ್ಯವಾಗಿ ಖಿನ್ನತೆಯ ಮೇಲೆ. ಎಂಡಿಎಂಎ ಪ್ರಯೋಗದಲ್ಲಿ ಒಬ್ಬೊಬ್ಬರಿಗೆ ಇಬ್ಬರು ಚಿಕಿತ್ಸಕರು. ಮೊದಲು ಒಂದೂವರೆ ಗಂಟೆಯ ಮೂರು ತಯಾರಿ ಭೇಟಿಗಳು. ಆಮೇಲೆ ಸುಮಾರು ನಾಲ್ಕು ವಾರಕ್ಕೊಮ್ಮೆ ಎಂಟು ಗಂಟೆಯ ಔಷಧದ ದಿನ, ಅಂಥವು ಮೂರು. ಪ್ರತಿಯೊಂದರ ನಂತರ ಕಂಡದ್ದನ್ನು ಕೂತು ಮಾತಾಡಿ ಅರಗಿಸಿಕೊಳ್ಳಲು ಒಂದೂವರೆ ಗಂಟೆಯ ಮೂರು ಭೇಟಿ. ಲೆಕ್ಕ ಹಾಕಿದರೆ 42 ಗಂಟೆ. ಇಷ್ಟಾದರೂ 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡದೆ, ಇನ್ನೊಂದು ಪ್ರಯೋಗ ಮಾಡಿ ಎಂದಿತು. ಯಾರಿಗೆ ಔಷಧ ಸಿಕ್ಕಿದೆ, ಯಾರಿಗೆ ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಸಪ್ಪೆ ಮಾತ್ರೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು ಎಂಬುದು ದೊಡ್ಡ ತಕರಾರು.

ನಿಮ್ಮ ತಮ್ಮ ಮೊಬೈಲಿನಲ್ಲಿ ತೋರಿಸದ ಇನ್ನೊಂದು ಅಂಕಿ ಅದೇ ಪ್ರಯೋಗದಲ್ಲಿದೆ: ಸಪ್ಪೆ ಮಾತ್ರೆ ನುಂಗಿ ಅದೇ 42 ಗಂಟೆ ಚಿಕಿತ್ಸಕರ ಜೊತೆ ಕೂತವರಲ್ಲೂ ನೂರಕ್ಕೆ 48 ಜನ ಪಿಟಿಎಸ್‌ಡಿಯ ಲಕ್ಷಣಪಟ್ಟಿಯಿಂದ ಹೊರಬಂದರು. ಅಂದರೆ ಆ ಫಲಿತಾಂಶದ ದೊಡ್ಡ ಪಾಲು, ಕ್ರಮವಾಗಿ ನಡೆದ ಮಾತಿನ ಚಿಕಿತ್ಸೆಯದ್ದಿರಬಹುದು. ಶಿಬಿರದಲ್ಲಿ ಇಲ್ಲದಿರುವುದೂ ಅದೇ, ನಿಮ್ಮ ತಮ್ಮನಿಗೆ ಇಲ್ಲಿಯತನಕ ಸಿಗದಿರುವುದೂ ಅದೇ. ಪತ್ರದಲ್ಲಿ ಮಾತ್ರೆಯ ಪ್ರಸ್ತಾಪವಿದೆ, ಚಿಕಿತ್ಸೆಯ ಒಂದು ಭೇಟಿಯದ್ದೂ ಇಲ್ಲ.

ಶಿಬಿರದಲ್ಲಿ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನೂ ತಮ್ಮನಿಗೆ ಬಿಡಿಸಿ ಹೇಳಿ. ಖಿನ್ನತೆಯ ಪ್ರಯೋಗದಲ್ಲಿ ಕೊಟ್ಟಿದ್ದು ಅಳೆದ 25 ಮಿಲಿಗ್ರಾಂ ಶುದ್ಧ ಸೈಲೊಸೈಬಿನ್. ಒಣ ಅಣಬೆಯಲ್ಲಿ ಈ ಅಂಶ ಒಂದು ಕಟ್ಟಿನಿಂದ ಇನ್ನೊಂದಕ್ಕೆ ಹಲವು ಪಟ್ಟು ಏರುಪೇರಾಗುತ್ತದೆ, ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಕಾಡಿನಿಂದ ಕಿತ್ತು ತಂದದ್ದಾದರೆ ನೋಡಲು ಹಾಗೇ ಇರುವ ವಿಷದ ಅಣಬೆ ಸೇರಿರಬಹುದು. ಸರ್ಟ್ರಾಲಿನ್ ತಗೊಳ್ಳುತ್ತಿರುವವರಲ್ಲಿ ಅಣಬೆಯ ಪರಿಣಾಮ ಮಂಕಾಗುವುದುಂಟು. ‘ಏನೂ ಆಗ್ತಿಲ್ಲವಲ್ಲ’ ಎಂದು ಇನ್ನಷ್ಟು ತಿನ್ನುವುದು ಆಗಲೇ. ಅದಕ್ಕೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಎರಡು–ನಾಲ್ಕು ದಿನದಲ್ಲಿ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂಥ ಝಟಕ, ಸಿಡುಕು, ನಿದ್ದೆಗೇಡು ಶುರುವಾಗಬಹುದು. ಆ ಸ್ಥಿತಿಯಲ್ಲಿ, ಸತ್ತ ಗೆಳೆಯನ ನೆನಪು ಎದ್ದು ಬರುವಾಗ, ಪಕ್ಕದಲ್ಲಿರುವುದು ತರಬೇತಿಯಿಲ್ಲದ ಆಯೋಜಕ. ಸೈಲೊಸೈಬಿನ್, ಎಂಡಿಎಂಎ ಎರಡೂ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ. ಪರಿಸ್ಥಿತಿ ಕೈಮೀರಿದರೂ ಪೊಲೀಸರ ಹೆದರಿಕೆಗೆ ಆಂಬುಲೆನ್ಸ್ ಕರೆಯಲು ಹಿಂಜರಿಯುತ್ತಾರೆ. ನನಗೆ ಅತಿ ಆತಂಕ ಹುಟ್ಟಿಸುವುದು ಇದೇ.

‘ಆಸ್ಟ್ರೇಲಿಯಾದಲ್ಲಿ ಕೊಡ್ತಾರಲ್ಲ’ ಎನ್ನಬಹುದು. ಹೌದು, 2023ರ ಜುಲೈ 1ರಿಂದ. ಅನುಮತಿ ಪಡೆದ ಮನೋವೈದ್ಯರು ಮಾತ್ರ, ಪಿಟಿಎಸ್‌ಡಿಗೆ ಎಂಡಿಎಂಎ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್. ನಮ್ಮಲ್ಲಿ ಇಂಥ ಔಷಧಗಳ ಪೈಕಿ ಮನೋವೈದ್ಯರು ಕಾನೂನುಬದ್ಧವಾಗಿ ಬಳಸುವುದು ಕೆಟಮಿನ್ ಎಂಬ ಅರಿವಳಿಕೆ ಔಷಧ ಒಂದನ್ನೇ, ಅದೂ ಹಟಮಾರಿ ಖಿನ್ನತೆಗೆ. ಪಿಟಿಎಸ್‌ಡಿಗೆ ಅದರ ಪುರಾವೆ ಅಷ್ಟು ಗಟ್ಟಿಯಿಲ್ಲ, ಸೋದರಮಾವನ ಹಿನ್ನೆಲೆಯಲ್ಲಿ ಅದಕ್ಕೂ ಎಚ್ಚರ ಬೇಕು.

ಈ ವಾರ ಮಾಡಬೇಕಾದ್ದು ಎರಡು. ಒಂದು, ಈಗಿನ ಮನೋವೈದ್ಯರ ಬಳಿ ಒಟ್ಟಿಗೆ ಹೋಗಿ. ಸರ್ಟ್ರಾಲಿನ್ 50 ಸಾಮಾನ್ಯವಾಗಿ ಆರಂಭದ ಹಂತ. ಪಿಟಿಎಸ್‌ಡಿಯಲ್ಲಿ ಅಗತ್ಯವಿದ್ದರೆ ಹಂತಹಂತವಾಗಿ 200ರವರೆಗೆ ಏರಿಸಿ, ಸರಿಯಾದ ಪ್ರಮಾಣದಲ್ಲಿ 8–12 ವಾರ ನೋಡುತ್ತಾರೆ. ಹಾಗಾಗಿ ‘ಮಾತ್ರೆ ಕೆಲಸ ಮಾಡಲಿಲ್ಲ’ ಎಂದು ತೀರ್ಪು ಕೊಡಲು ಇನ್ನೂ ಕಾಲ ಬಂದಿಲ್ಲ. ದಿನ ತಪ್ಪಿಸುತ್ತಿದ್ದಾರೆಯೇ, ಕುಡಿಯುತ್ತಿದ್ದಾರೆಯೇ, ಇದ್ದದ್ದು ಇದ್ದ ಹಾಗೆ ಹೇಳಲಿ. ಶಿಬಿರದ ವಿಷಯವನ್ನೂ ಹೇಳಲಿ. ರೋಗಿಯ ಮಾತನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಎರಡು, ಆಘಾತಕ್ಕೇ ಮೀಸಲಾದ ಚಿಕಿತ್ಸೆ ಹುಡುಕಿ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಫೋನ್ ಮಾಡಿದಾಗ ‘ಕೌನ್ಸೆಲಿಂಗ್ ಮಾಡ್ತೀರಾ’ ಎಂದು ಕೇಳಬೇಡಿ. ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅಥವಾ ಇಎಂಡಿಆರ್ ಮಾಡ್ತೀರಾ, ತರಬೇತಿ ಎಲ್ಲಾಗಿದೆ’ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಿಚಾರಿಸಬಹುದು. ಇಎಂಡಿಆರ್ ಎಂದರೆ ಆಘಾತವನ್ನು ನೆನೆಯುತ್ತಾ ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಎಂದರೆ ವಾರಕ್ಕೊಂದರಂತೆ, ಒಂದೂವರೆ ಗಂಟೆಯ 8ರಿಂದ 15 ಭೇಟಿ. ಅಪಘಾತದ ಆ ಕೆಲವು ನಿಮಿಷಗಳನ್ನು ಕಣ್ಣುಮುಚ್ಚಿ, ಈಗ ನಡೆಯುತ್ತಿದೆ ಎಂಬಂತೆ ಮತ್ತೆ ಮತ್ತೆ ಹೇಳಿಸುತ್ತಾರೆ. ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನವೂ ಕೇಳಿಸಿಕೊಳ್ಳಲು ಹೇಳುತ್ತಾರೆ. ಜೊತೆಗೆ ಭಯದ ಮೆಟ್ಟಿಲು ಕಟ್ಟುತ್ತಾರೆ: ಮೊದಲು ನಿಂತ ಕಾರಿನ ಹಿಂದಿನ ಸೀಟು, ಆಮೇಲೆ ಮುಂದಿನ ಸೀಟು, ಇಂಜಿನ್ ಹಾಕಿ ಕೂರುವುದು, ಸ್ಟಿಯರಿಂಗ್ ಹಿಡಿದು ಬಡಾವಣೆಯೊಳಗೆ ಒಂದು ಸುತ್ತು, ಹಗಲಲ್ಲಿ ಹೆದ್ದಾರಿ, ಎಷ್ಟೋ ವಾರಗಳ ನಂತರ ಸಕಲೇಶಪುರ ದಾಟಿ ಘಾಟಿ. ಪ್ರತಿ ಮೆಟ್ಟಿಲಲ್ಲೂ ಎದೆಬಡಿತದ ಭಯಕ್ಕೆ ನೂರಕ್ಕೆ ಅಂಕ ಕೊಟ್ಟು, ಅದು ಸುಮಾರು ಅರ್ಧಕ್ಕೆ ಇಳಿಯುವತನಕ ಅಲ್ಲೇ ಇರಬೇಕು. ಭಯ ತುತ್ತತುದಿಯಲ್ಲಿದ್ದಾಗ ಎದ್ದು ಬಂದರೆ ‘ಓಡಿದ್ದಕ್ಕೆ ಬದುಕಿದೆ’ ಎಂಬ ಪಾಠವನ್ನೇ ಮನಸ್ಸು ಮತ್ತೆ ಕಲಿಯುತ್ತದೆ. ಮೊದಲ ಎರಡು–ಮೂರು ವಾರ ಕೆಟ್ಟ ಕನಸು ಹೆಚ್ಚಾಗಬಹುದು. ಬಹಳ ಜನ ಬಿಟ್ಟುಬಿಡುವುದು ಆ ಹೊತ್ತಿಗೇ. ಅಕ್ಕ ಜೊತೆಗಿರಬೇಕಾದ್ದೂ ಆಗಲೇ.

ಅಮ್ಮನಿಗೆ ಶಿಬಿರದ ಮಾತು ಹೇಳದಿದ್ದರೂ ನಡೆಯುತ್ತದೆ. ಸೋದರಮಾವನ ಬಗ್ಗೆ ಮಾತ್ರ ಕೇಳಲೇಬೇಕು: ಯಾವ ವಯಸ್ಸಿನಲ್ಲಿ ಶುರುವಾಯಿತು, ಇಲ್ಲದ ದನಿ ಕೇಳುತ್ತಿತ್ತೇ, ದಿನಗಟ್ಟಲೆ ನಿದ್ದೆಯಿಲ್ಲದೆ ಉತ್ಸಾಹದಲ್ಲಿ ಇರುತ್ತಿದ್ದರೇ, ಯಾವ ಮಾತ್ರೆ ಕೊಟ್ಟರು. ಬರೆದುಕೊಂಡು ವೈದ್ಯರಿಗೆ ಕೊಡಿ.

ತಮ್ಮನೊಂದಿಗೆ ವಾದಕ್ಕೆ ಇಳಿಯಬೇಡಿ. ಎರಡು ವರ್ಷದಿಂದ ನಿದ್ದೆಯಿಲ್ಲದೆ ಬೆಂದ ಜೀವ, ಯಾವುದೋ ದಾರಿ ಹುಡುಕುತ್ತಿದೆ; ಅದು ತಪ್ಪಲ್ಲ. ‘ನಿನ್ನ ಜೊತೆ ಬರಲ್ಲ ಅಂತ ಅಲ್ಲ ಕಣೋ, ಅಲ್ಲಿಗೆ ಬರಲ್ಲ. ಡಾಕ್ಟರ್ ಹತ್ರ ಅಂದ್ರೆ ಇವತ್ತೇ ಬರ್ತೀನಿ, ಕಾರಲ್ಲಿ ಕೂರೋ ದಿನಾನೂ ಪಕ್ಕದಲ್ಲಿ ಇರ್ತೀನಿ’ ಅನ್ನಿ. ಮೂರು ತಿಂಗಳು ಸರಿಯಾಗಿ ನೋಡೋಣ ಎಂದು ಗಡುವು ಕೇಳಿ.

ಇಷ್ಟಾದ ಮೇಲೂ ಹೋಗಿಬಿಟ್ಟರೆ, ವಾಪಸ್ ಬಂದ ಮೇಲೆ ಬೈಯಬೇಡಿ. ಎರಡು ರಾತ್ರಿ ನಿದ್ದೆಯೇ ಬಾರದಿರುವುದು, ಇಲ್ಲದ್ದು ಕಾಣುವುದು, ಸಾಯುವ ಮಾತು, ಜ್ವರದ ಜೊತೆ ಮೈ ಸೆಟೆದುಕೊಳ್ಳುವುದು, ತಿಂದು ಆರು ಗಂಟೆ ಕಳೆದ ಮೇಲೆ ಶುರುವಾಗುವ ವಾಂತಿ–ಭೇದಿ, ಇದರಲ್ಲಿ ಯಾವುದೇ ಕಂಡರೂ 108ಕ್ಕೆ ಕರೆ ಮಾಡಿ. ವಾಂತಿ–ಭೇದಿ ತಾನಾಗಿ ನಿಂತರೂ ಬಿಡಬೇಡಿ, ವಿಷದ ಅಣಬೆ ಲಿವರ್ ಕೆಡಿಸುವುದು ಆ ನಂತರವೇ. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. ನಡುರಾತ್ರಿ ಏನೂ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.