ಎಸಿಎಲ್ ಆಪರೇಷನ್ ಆಗಿ ನಾಲ್ಕು ತಿಂಗಳು: ಮಲೆನಾಡಿನ ಏರಿಳಿತದಲ್ಲಿ ಮತ್ತೆ ಓಟ, ಸೈಕಲ್ ಯಾವಾಗ?

ನೀವು ಕೇಳಿದ್ದು ಇಷ್ಟು: ಸಾಗರದ ಹತ್ತಿರ ಊರು, ವಯಸ್ಸು 34. ಫೆಬ್ರವರಿ ಕೊನೆಯಲ್ಲಿ ಬಲಗಾಲಿಗೆ ಎಸಿಎಲ್ (ಮಂಡಿಯೊಳಗಿನ ಲಿಗಮೆಂಟ್, ಅಂದರೆ ಎಲುಬುಗಳನ್ನು ಕಟ್ಟಿಹಿಡಿಯುವ ಪಟ್ಟಿ) ಆಪರೇಷನ್ ಆಗಿದೆ. ಅದರ ಜಾಗದಲ್ಲಿ ಕೂರಿಸಿದ ಗ್ರಾಫ್ಟ್ ಹಿಂದೊಡೆಯ (ಹ್ಯಾಮ್‌ಸ್ಟ್ರಿಂಗ್) ಸ್ನಾಯುರಜ್ಜಿನಿಂದ ತೆಗೆದದ್ದು, ಮಂಡಿಯೊಳಗಿನ ಮೆತ್ತೆಯಾದ ಮಿನಿಸ್ಕಸ್‌ಗೆ ಹೊಲಿಗೆ ಇಲ್ಲ. ಈಗ ನಡೆದರೆ ನೋವಿಲ್ಲ, ಡಾಕ್ಟರು ‘ನಿಧಾನಕ್ಕೆ ಜಾಗಿಂಗ್ ಶುರು ಮಾಡಬಹುದು’ ಅಂದಿದ್ದಾರೆ. ನವೆಂಬರ್‌ನಲ್ಲಿ ಕಾಫಿ ತೋಟಗಳ ದಾರಿಯ 50 ಕಿ.ಮೀ. ಓಟ, ಜನವರಿಯಲ್ಲಿ 200 ಕಿ.ಮೀ. ಸೈಕಲ್ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ), ಎರಡೂ ಆಗುತ್ತದೆಯೇ ಎಂಬುದು ಪ್ರಶ್ನೆ.

ಫಿಸಿಯೋಥೆರಪಿಸ್ಟ್ ಆಗಿ ನೇರವಾಗಿಯೇ ಹೇಳುತ್ತೇನೆ. ಬ್ರೆವೆ ಆಗಬಹುದು. ನವೆಂಬರ್‌ನ ಓಟ ಬೇಡ. ದೂರ ಜಾಸ್ತಿಯಾಯಿತು ಎಂದಲ್ಲ, ಆ ದಾರಿಯಲ್ಲಿರುವ ಇಳಿಜಾರಿಗೆ ನಿಮ್ಮ ಮಂಡಿ ಅಷ್ಟರೊಳಗೆ ಸಿದ್ಧವಾಗುವುದಿಲ್ಲ.

ನೋವಿಲ್ಲ ಎಂದರೆ ಗ್ರಾಫ್ಟ್ ಗಟ್ಟಿಯಾಗಿದೆ ಎಂದು ಅರ್ಥವಲ್ಲ. ಒಳಗೆ ಕೂರಿಸಿದ ಆ ಸ್ನಾಯುರಜ್ಜು ಮೊದಲು ತನ್ನ ಜೀವಕೋಶಗಳನ್ನು ಕಳೆದುಕೊಳ್ಳುತ್ತದೆ. ಆಮೇಲೆ ಅದರೊಳಗೆ ಹೊಸ ರಕ್ತನಾಳ ಬೆಳೆದು, ನಿಧಾನವಾಗಿ ಅದು ಲಿಗಮೆಂಟಿನಂತೆ ಮಾರ್ಪಡುತ್ತದೆ. ಸುಮಾರು 6ರಿಂದ 12ನೇ ವಾರದ ನಡುವೆ ಅದು ಅತ್ಯಂತ ದುರ್ಬಲ. ಪೂರ್ತಿ ಪಕ್ವವಾಗಲು ಒಂದು ವರ್ಷಕ್ಕೂ ಹೆಚ್ಚು ಬೇಕು. ತಿರುವು, ಜಿಗಿತ ಇರುವ ಆಟಗಳಿಗೆ ಮರಳಿದವರನ್ನು ಎರಡು ವರ್ಷ ಗಮನಿಸಿದ ಡೆಲವೇರ್–ಓಸ್ಲೋ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 9 ತಿಂಗಳ ತನಕ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ 51% ಇಳಿಯಿತು. ಸಮತಟ್ಟಾದ ರಸ್ತೆಯಲ್ಲಿ ನೇರ ಓಡುವುದು ತಿರುವಿನ ಆಟವಲ್ಲ, ಅದಕ್ಕೇ ಅದನ್ನು ಬೇಗ ಶುರು ಮಾಡಲು ಬಿಡುತ್ತಾರೆ. ಒದ್ದೆ ಬೇರಿನ ಮೇಲೆ ಕಾಲಿಟ್ಟು ಪಾದ ಒಂದು ಕಡೆ ಜಾರಿ, ಮೈ ಇನ್ನೊಂದು ಕಡೆ ತಿರುಗುವುದು ಮಾತ್ರ ಫುಟ್‌ಬಾಲ್ ಮೈದಾನದಲ್ಲಿ ಎಸಿಎಲ್ ಹರಿಯುವ ರೀತಿಯೇ. ನಮ್ಮ ಕಡೆಯ ಕಾಡುದಾರಿಯನ್ನು ‘ಬರೀ ಓಟ’ ಎಂದು ಲೆಕ್ಕ ಹಾಕಬೇಡಿ.

ಓಡಲು ಹೊರಡುವ ಮುಂಚೆ ಮನೆಯಲ್ಲೇ ಮೂರು ವಿಷಯ ನೋಡಿಕೊಳ್ಳಿ.

ಮೊದಲನೆಯದು, ಕಾಲು ಪೂರ್ತಿ ನೇರವಾಗುತ್ತದೆಯೇ? ಮಂಚದ ಮೇಲೆ ಬೋರಲು ಮಲಗಿ, ತೊಡೆ ಮಂಚದ ಮೇಲಿರಲಿ, ಮಂಡಿಯಿಂದ ಕೆಳಗೆ ಎರಡೂ ಕಾಲು ಅಂಚಿನಾಚೆ ತೂಗಲಿ. ಮನೆಯವರು ಹಿಂದೆ ನಿಂತು ಎರಡು ಹಿಮ್ಮಡಿಗಳ ಎತ್ತರ ನೋಡಲಿ. ಒಂದು ಸೆಂ.ಮೀ. ವ್ಯತ್ಯಾಸ ಎಂದರೆ ಸುಮಾರು ಒಂದು ಡಿಗ್ರಿ ಕೊರತೆ. ಬಲಗಾಲಿನ ಹಿಮ್ಮಡಿ 2–3 ಸೆಂ.ಮೀ.ಗಿಂತ ಮೇಲಿದ್ದರೆ ಓಟದ ಮಾತು ಆಮೇಲೆ. ನೆಲದಲ್ಲಿ ಕೂತು, ಸುತ್ತಿದ ಕಂಬಳಿಯ ಮೇಲೆ ಹಿಮ್ಮಡಿ ಇಟ್ಟು, ಮಂಡಿಯ ಕೆಳಗೆ ಏನೂ ಆಸರೆ ಕೊಡದೆ 10 ನಿಮಿಷ ಬಿಡಿ. ದಿನಕ್ಕೆ 3–4 ಸಲ. ಪೂರ್ತಿ ನೇರವಾಗದ ಕಾಲಿನಲ್ಲಿ ಓಡಿದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದೇ ಇರಬೇಕಾಗುತ್ತದೆ. ಕೆಲವೇ ವಾರಗಳಲ್ಲಿ ಮಂಡಿಚಿಪ್ಪಿನ ನೋವು ಶುರುವಾಗುತ್ತದೆ. ಕೊನೆಯ ಕೆಲವು ಡಿಗ್ರಿಯಲ್ಲಿ ಏನೋ ಅಡ್ಡ ಸಿಕ್ಕಿದಂತೆ ಗಟ್ಟಿಯಾಗಿ ನಿಂತು, ಮುಂದುಗಡೆ ಚುಚ್ಚಿದರೆ, ಗ್ರಾಫ್ಟಿನ ಮುಂದೆ ಗಾಯದ ಗಂಟು ಬೆಳೆದಿರಬಹುದು. ಅದನ್ನು ಸೈಕ್ಲಾಪ್ಸ್ ಎನ್ನುತ್ತಾರೆ. ಅದು ವ್ಯಾಯಾಮಕ್ಕೆ ಬಗ್ಗುವುದಿಲ್ಲ, ಆಪರೇಷನ್ ಮಾಡಿದ ಡಾಕ್ಟರಿಗೇ ತೋರಿಸಬೇಕು.

ಎರಡನೆಯದು ಊತ. ಕಾಲು ಚಾಚಿ ಸಡಿಲ ಬಿಟ್ಟು, ಮಂಡಿಚಿಪ್ಪಿನ ಒಳಬದಿಯಲ್ಲಿ ಕೆಳಗಿನಿಂದ ತೊಡೆಯ ಕಡೆಗೆ ಎರಡು ಮೂರು ಸಲ ಅಂಗೈಯಿಂದ ಒತ್ತಿ ಸವರಿ. ಆಮೇಲೆ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸಲ ಸವರುತ್ತ ಒಳಬದಿಯ ಕುಳಿಯನ್ನೇ ನೋಡಿ. ಅಲ್ಲಿ ನೀರಿನ ಅಲೆ ಉಬ್ಬಿ ಬಂದರೆ ಕೀಲಿನೊಳಗೆ ನೀರಿದೆ. ಈ ಪರೀಕ್ಷೆ ಮುಂದಿನ ಒಂದು ವರ್ಷ ನಿಮ್ಮ ಜೊತೆ ಇರಬೇಕು, ಪ್ರತಿ ಓಟದ, ಪ್ರತಿ ಲಾಂಗ್ ರೈಡ್‌ನ ಮರುದಿನ ಬೆಳಗ್ಗೆ, ಹಾಸಿಗೆಯಿಂದ ಏಳುವ ಮುಂಚೆ. ಮಂಡಿಗೆ ಹೊರೆ ಜಾಸ್ತಿಯಾಗಿದ್ದನ್ನು ನೋವಿಗಿಂತ ಮೊದಲು ಹೇಳುವುದು ಈ ನೀರೇ. ನೀರು ತುಂಬಿದ ಮಂಡಿಯಲ್ಲಿ ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ತಾನಾಗಿಯೇ ಮಂದವಾಗುತ್ತದೆ, ನೀವು ಎಷ್ಟು ಗಟ್ಟಿ ಮನಸ್ಸು ಮಾಡಿದರೂ ಪೂರ್ತಿ ಬಿಗಿಯುವುದಿಲ್ಲ. ಹಾಗಾಗಿ ಊತದ ಮೇಲೆ ಮಾಡಿದ ವ್ಯಾಯಾಮದಿಂದ ಬಲವೂ ಬರುವುದಿಲ್ಲ.

ಮೂರನೆಯದು ಬಲ. ಇಲ್ಲೇ ಹೆಚ್ಚಿನವರು ಸೋಲುವುದು. ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿ ಅಥವಾ ಜಗಲಿಕಟ್ಟೆಯ ಮೇಲೆ ಕೂತು, ಕೈ ಎದೆಗೆ ಕಟ್ಟಿ, ಒಂದೇ ಕಾಲಿನಲ್ಲಿ ಎದ್ದು ಕೂತು ಎಣಿಸಿ. ಓಟ ಶುರು ಮಾಡಲು ಬಲಗಾಲಿನಲ್ಲಿ ಕನಿಷ್ಠ 10, ಇಳಿಜಾರಿಗೆ ಇಳಿಯಲು 20 ದಾಟಬೇಕು ಎನ್ನುವುದು ನನ್ನ ಲೆಕ್ಕ. ಅಂಗಾತ ಮಲಗಿ ಒಂಟಿಕಾಲಿನ ಬಲದಲ್ಲಿ ಸೊಂಟ ಎತ್ತುವುದು 20, ನಿಂತು ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವುದು 20–25. ಜಿಮ್‌ನಲ್ಲಿ ಲೆಗ್ ಎಕ್ಸ್‌ಟೆನ್ಷನ್ ಮೆಷಿನ್ ಇದ್ದರೆ ಇನ್ನೂ ಒಳ್ಳೆಯದು. ಎಡಗಾಲು 30 ಕಿಲೋವನ್ನು ಹತ್ತು ಸಲ ಎತ್ತಿ ಸುಸ್ತಾದರೆ, ಬಲಗಾಲು ಕನಿಷ್ಠ 21–24 ಕಿಲೋವನ್ನು ಅಷ್ಟೇ ಸಲ ಎತ್ತಬೇಕು, ಅಂದರೆ 70–80%. ಕಾಡುದಾರಿಗೆ 90% ಬೇಕು. ಒಂದು ಎಚ್ಚರಿಕೆ: ನಾಲ್ಕು ತಿಂಗಳಲ್ಲಿ ಎಡಗಾಲೂ ಸೊರಗಿರುತ್ತದೆ. ಸೊರಗಿದ ಕಾಲಿಗೆ ಹೋಲಿಸಿ 90% ಬಂತೆಂದು ಹಿಗ್ಗಬೇಡಿ, ಮೇಲಿನ ಎಣಿಕೆ ಎರಡೂ ಕಾಲಿಗೆ ಅನ್ವಯ.

ಬಲ ಸಾಲದಿದ್ದರೆ ವಾರಕ್ಕೆ ಎರಡು ದಿನ ಅದಕ್ಕೇ ಮೀಸಲಿಡಿ. ಒಂದು ಕಾಲು ಮುಂದಿಟ್ಟು ಮಾಡುವ ಸ್ಪ್ಲಿಟ್ ಸ್ಕ್ವಾಟ್, 20 ಸೆಂ.ಮೀ. ಮೆಟ್ಟಿಲಿನಿಂದ ಮೂರು ಸೆಕೆಂಡ್ ಎಣಿಸುತ್ತ ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ಮತ್ತೆ ಮೇಲೇಳುವುದು, ಮಂಡಿ ಬಗ್ಗಿಸಿ ಹಿಮ್ಮಡಿ ಎತ್ತುವುದು, ಪ್ರತಿಯೊಂದೂ 8–10ರಂತೆ 3 ಸುತ್ತು. ಕೊನೆಯ ಎರಡು ನಿಜವಾಗಿ ಕಷ್ಟವಾಗುವಷ್ಟು ತೂಕ ಇರಬೇಕು. ಬ್ಯಾಗಿನಲ್ಲಿ 10 ಕಿಲೋ ಅಕ್ಕಿ ಹಾಕಿ ಬೆನ್ನಿಗೆ ಕಟ್ಟಿಕೊಂಡರೂ ನಡೆಯುತ್ತದೆ. ಮೆಟ್ಟಿಲಿಳಿಯುವಾಗ ಫೋನಿನಲ್ಲಿ ಮುಂದಿನಿಂದ ವಿಡಿಯೋ ತೆಗೆಯಿರಿ, ಮಂಡಿ ಹೆಬ್ಬೆರಳಿಗಿಂತ ಒಳಕ್ಕೆ ವಾಲಿದರೆ ಎತ್ತರವನ್ನು 10 ಸೆಂ.ಮೀ.ಗೆ ಇಳಿಸಿ. ಗ್ರಾಫ್ಟ್ ತೆಗೆದ ಹಿಂದೊಡೆಗೆ ಬೇರೆಯೇ ಕೆಲಸ ಬೇಕು. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಇದಕ್ಕೆ ಹೇಳಿ ಮಾಡಿಸಿದಂತಿದೆ: ಅಂಗಾತ ಮಲಗಿ, ಹಿಮ್ಮಡಿಗಳ ಕೆಳಗೆ ಬಟ್ಟೆ ಇಟ್ಟು, ಸೊಂಟ ಎತ್ತಿ ಹಿಡಿದು ಹಿಮ್ಮಡಿಗಳನ್ನು ದೂರಕ್ಕೆ ಜಾರಿಸಿ ಮತ್ತೆ ಎಳೆದುಕೊಳ್ಳಿ. 6–8ರಂತೆ 3 ಸುತ್ತು, ಈಗ ಎರಡೂ ಕಾಲಿನಲ್ಲಿ, ಆರು ತಿಂಗಳಾದ ಮೇಲೆ ಒಂದೊಂದೇ ಕಾಲಿನಲ್ಲಿ. ಇದನ್ನು ಬಿಟ್ಟವರು ಮುಂದೆ ವೇಗ ಹೆಚ್ಚಿಸುವಾಗ ಹಿಂದೊಡೆ ಹಿಡಿದುಕೊಂಡು ನಿಲ್ಲುತ್ತಾರೆ. ಊಟದ ಬಗ್ಗೆ ಒಂದು ಮಾತು: ಅನ್ನ, ತಂಬುಳಿ, ಸಾರಿನಲ್ಲಿ ಸ್ನಾಯು ಕಟ್ಟುವುದು ಕಷ್ಟ. 65 ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಹುರುಳಿ, ಕಡಲೆ, ಮೊಸರು, ಯಾವುದು ನಡೆಯುತ್ತದೋ ಅದು.

ಮೂರೂ ಸರಿಯಿದ್ದರೆ ಓಟ. ಮೊದಲ ದಿನ 1 ನಿಮಿಷ ಓಟ, 2 ನಿಮಿಷ ನಡಿಗೆ, ಹತ್ತು ಸಲ. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮರುವಾರ 2 ಮತ್ತು 2, ಆಮೇಲೆ 3 ಮತ್ತು 1, ಹೀಗೆ 30 ನಿಮಿಷ ನಿಲ್ಲದೆ ಓಡುವ ಹೊತ್ತಿಗೆ ಆರೇಳು ವಾರ ಹಿಡಿಯಲಿ. ಮುಂದಿನ ಮೆಟ್ಟಿಲು ಹತ್ತುವುದನ್ನು ಮಂಡಿ ತೀರ್ಮಾನಿಸಲಿ. ಶುರುವಿನಲ್ಲಿ ನೋವಿದ್ದು ಬೆಚ್ಚಗಾದ ಮೇಲೆ ಹೋದರೆ ಅದೇ ಮೆಟ್ಟಿಲಲ್ಲಿರಿ. ಹೋದ ನೋವು ಓಟದ ನಡುವೆ ಮತ್ತೆ ಬಂದರೆ, ಇಲ್ಲವೇ ಹೋಗದೇ ಉಳಿದರೆ ಎರಡು ದಿನ ಬಿಟ್ಟು ಒಂದು ಮೆಟ್ಟಿಲು ಕೆಳಗಿಳಿಯಿರಿ. ಮರುದಿನ ಕೀಲಿನಲ್ಲಿ ನೋವಿದ್ದರೆ ಒಂದು ದಿನ ಬಿಡಿ, ಮೇಲೆ ಹೋಗಬೇಡಿ. ಬೆಳಗ್ಗೆ ನೀರಿನ ಅಲೆ ಕಂಡರೆ ಅದು ಹೋಗುವ ತನಕ ಓಟವೇ ಇಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಓಡುವುದು ಬೇಡವೇ ಬೇಡ, ನಮಗೆ ಬೇಕಾದ ಸುದ್ದಿಯನ್ನೇ ಆ ಮಾತ್ರೆ ಮುಚ್ಚಿಡುತ್ತದೆ. ಮೆಡಿಕಲ್ ಶಾಪಿನ ನೀ ಕ್ಯಾಪ್ ಬೆಚ್ಚಗಿಡುತ್ತದೆ, ಗ್ರಾಫ್ಟನ್ನು ಕಾಯುವುದಿಲ್ಲ.

ಜಾಗವೂ ಮುಖ್ಯ. ಡಾಂಬರು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ, ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಊರಿನ ಶಾಲೆಯ ಮೈದಾನ, ಶಿವಮೊಗ್ಗಕ್ಕೆ ಬಂದಾಗ ನೆಹರೂ ಕ್ರೀಡಾಂಗಣ ಇದಕ್ಕಿಂತ ವಾಸಿ. ಸುತ್ತು ಹಾಕುವಾಗ ಅರ್ಧ ಒಂದು ದಿಕ್ಕಿಗೆ, ಅರ್ಧ ಇನ್ನೊಂದು ದಿಕ್ಕಿಗೆ. 30 ಸೆಕೆಂಡಿನಲ್ಲಿ ಬಲ ಪಾದ ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. 38 ಬಂದರೆ ಅದೇ ವೇಗದಲ್ಲಿ 40–41ಕ್ಕೆ ತನ್ನಿ. ಹೆಜ್ಜೆ ಗಿಡ್ಡವಾದಷ್ಟೂ ಮಂಡಿಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ.

ಈಗ ಮಳೆ ಹಿಡಿದಿದೆ, ಸೆಪ್ಟೆಂಬರ್ ತನಕ ಬಿಡುವುದಿಲ್ಲ. ನಿಮ್ಮ ಮಂಡಿಗೆ ಈ ಮಳೆಗಾಲದ ದೊಡ್ಡ ಅಪಾಯ ಓಟವಲ್ಲ, ತೋಟ. ಪಾಚಿ ಕಟ್ಟಿದ ಜಂಬಿಟ್ಟಿಗೆ ಮೆಟ್ಟಿಲು, ಹಳ್ಳದ ಮೇಲಿನ ಅಡಿಕೆ ಮರದ ಸಂಕ, ಕಾಲಿಗೆ ಉಂಬಳ ಹತ್ತಿತೆಂದು ಒಂಟಿಕಾಲಿನಲ್ಲಿ ಕುಣಿಯುವುದು, ಜಾರಿ ತಿರುಚಿಕೊಳ್ಳಲು ಇಷ್ಟು ಸಾಕು. ಸಂಕ ದಾಟುವುದನ್ನು ಈ ವರ್ಷ ಬಿಡಿ, ತೋಟಕ್ಕೆ ಹೋಗಲೇಬೇಕಾದರೆ ಬಿದಿರ ಕೋಲು ಹಿಡಿಯಿರಿ. ಮುಂದೆ ಕೊಯ್ಲು ಬಂದಾಗ ಮೆಟ್ಟುಗತ್ತಿಯ ಮೇಲೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವುದೂ ಮಂಡಿಗೆ ಹೊರೆಯೇ, ಅರ್ಧ ಗಂಟೆಗೊಮ್ಮೆ ಎದ್ದು ಕಾಲು ನೇರ ಮಾಡಿ.

ಹಾಗಾಗಿ ಈ ಮೂರು ತಿಂಗಳು ಮುಖ್ಯವಾಗಿ ಸೈಕಲ್ಲಿನದು, ಮನೆಯೊಳಗೆ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ. ಸೀಟಿನ ಎತ್ತರ ಹೀಗೆ ನೋಡಿ: ಪೆಡಲ್ ಅತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು, ಸೊಂಟ ವಾಲಬಾರದು. ಪಾದದ ಮುಂಭಾಗ ಇಟ್ಟಾಗ ಮಂಡಿ 25–30 ಡಿಗ್ರಿ ಬಗ್ಗಿರುತ್ತದೆ. ಸೀಟು ತಗ್ಗಾದರೆ ಮಂಡಿಚಿಪ್ಪಿನ ಮುಂದೆ ನೋವು, ಎತ್ತರವಾದರೆ ಗ್ರಾಫ್ಟ್ ತೆಗೆದ ಹಿಂದೊಡೆಯಲ್ಲಿ ಸೆಳೆತ. ಸರಿಪಡಿಸುವಾಗ ಒಂದು ಸಲಕ್ಕೆ 3–5 ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ. ನಿಮಿಷಕ್ಕೆ 80–90 ಸುತ್ತು, ಹಗುರ ಗೇರ್. ವಾರಕ್ಕೆ ಮೂರು ಸಲ 30 ನಿಮಿಷದಿಂದ ಶುರು ಮಾಡಿ ಆಗಸ್ಟ್ ಹೊತ್ತಿಗೆ 90 ನಿಮಿಷ. ಕ್ಲಿಪ್ ಪೆಡಲ್ ಈಗ ಬೇಡ. ಅದರಿಂದ ಶೂ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು, ಅವಸರದಲ್ಲಿ ಬಿಡಿಸುವಾಗ ಆ ತಿರುಚು ಮಂಡಿಗೇ ಬರುತ್ತದೆ. ಆರು ತಿಂಗಳ ನಂತರ, ಸ್ಪ್ರಿಂಗ್ ಪೂರ್ತಿ ಸಡಿಲ ಮಾಡಿ ಹಾಕಿ.

ಅಕ್ಟೋಬರ್‌ನಲ್ಲಿ ರಸ್ತೆಗಿಳಿಯಿರಿ. ತುಂಗೆಯ ಪಕ್ಕದಲ್ಲಿ ಸಾಗುವ ಶಿವಮೊಗ್ಗ–ಗಾಜನೂರು ರಸ್ತೆಯಂಥದ್ದು ಮೊದಲು, ಸಾಗರದ ಸುತ್ತಲಿನ ಏರಿಳಿತ ಆಮೇಲೆ. ಘಾಟಿ ಹತ್ತುವಾಗ ಮುಂದೆ 34, ಹಿಂದೆ 32ರ ಹಲ್ಲಿನ ಗೇರ್ ಇದ್ದರೆ ಒಳ್ಳೆಯದು. ದೊಡ್ಡ ಗೇರಿನಲ್ಲಿ ನಿಂತು ತುಳಿದು ಹತ್ತುವುದೇ ಮಂಡಿಚಿಪ್ಪಿಗೆ ಪೆಟ್ಟು. ಆಗುಂಬೆಯ 14 ತಿರುವುಗಳಂಥ ಕಡೆ ದಿಢೀರನೆ ನಿಲ್ಲಬೇಕಾದರೆ ನೆಲಕ್ಕೆ ಊರುವುದು ಯಾವಾಗಲೂ ಎಡಗಾಲು, ಇದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಓಟದ ಇಳಿಜಾರು ಎಲ್ಲಕ್ಕಿಂತ ಕೊನೆಗೆ. ಇಳಿಯುವಾಗ ಕ್ವಾಡ್ರಿಸೆಪ್ಸ್ ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಅದು ಸೋತ ಕ್ಷಣ ಆ ಭಾರ ಕೀಲಿನ ಮೇಲೆ ಬೀಳುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. ಸಮತಟ್ಟಿನಲ್ಲಿ 10 ಕಿ.ಮೀ. ಓಡಿ ಮರುದಿನ ಊತವಿಲ್ಲದಿದ್ದರೆ ಏರು ಓಡಿ, ಇಳಿಯುವಾಗ ನಡೆಯಿರಿ. ಕುಂದಾದ್ರಿಯಂಥ ಕಡಿದಾದ ರಸ್ತೆಯಾದರೆ ಹತ್ತಿ, ಗಾಡಿಯಲ್ಲಿ ಇಳಿಯಿರಿ. ಮೂರು ವಾರ ಅದು ಸರಿಹೋದ ಮೇಲೆ ಅಷ್ಟೇನೂ ಕಡಿದಲ್ಲದ ಡಾಂಬರು ಇಳಿಜಾರಿನಲ್ಲಿ 30 ಸೆಕೆಂಡಿನ ತುಣುಕುಗಳು, ಆರು ಸಾಕು. ಆಮೇಲೆ ಒಣ ಮಣ್ಣು ದಾರಿ. ಒದ್ದೆ ಕಾಡುದಾರಿ ಮುಂದಿನ ವರ್ಷಕ್ಕೆ. ಮಣ್ಣಿಗಿಳಿಯುವ ಮುನ್ನ ಒಂಟಿಕಾಲಿನ ಜಿಗಿತ ಅಳೆಯಿರಿ: ಒಂದೇ ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೀಚೆ ಅಡ್ಡಹಾಯುವ ಮೂರು ಜಿಗಿತ. ಮೂರರಲ್ಲೂ ಎಡಗಾಲಿನ 90% ದೂರ ಬರಬೇಕು, ಇಳಿದಲ್ಲೇ ಅಲ್ಲಾಡದೆ ನಿಲ್ಲಬೇಕು.

ನಡುವೆ ಎಂದಾದರೂ ಮಂಡಿ ಜಾರಿ ಕೈಕೊಟ್ಟಂತಾದರೆ ಅಥವಾ ಸಿಕ್ಕಿಹಾಕಿಕೊಂಡರೆ ಎಲ್ಲ ನಿಲ್ಲಿಸಿ ಡಾಕ್ಟರನ್ನು ಕಾಣಿ. ಜ್ವರದ ಜೊತೆ ಮಂಡಿ ಬಿಸಿಯಾಗಿ ಕೆಂಪಾದರೆ, ಇಲ್ಲವೇ ಮೀನಖಂಡ ಊದಿ ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬ್ರೆವೆಯ ವಿಷಯ: 200 ಕಿ.ಮೀ.ಗೆ 13 ಗಂಟೆ 30 ನಿಮಿಷ, ನಿಲ್ಲುವುದೂ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ವೇಗ ಸಾಕು, ಅವಸರಪಡುವ ಅಗತ್ಯವಿಲ್ಲ. ನವೆಂಬರ್‌ನಲ್ಲಿ 100, ಡಿಸೆಂಬರ್ ಮಧ್ಯದಲ್ಲಿ 150 ಕಿ.ಮೀ. ಮಾಡಿ. 150ರ ಮರುದಿನ ಬೆಳಗ್ಗೆ ಸವರಿದಾಗ ಅಲೆ ಕಾಣದಿದ್ದರೆ ಹೆಸರು ನೋಂದಾಯಿಸಿ. ಕಂಡರೆ ಜನವರಿಯದ್ದನ್ನು ಬಿಟ್ಟು, ಎರಡು ವಾರ 60 ಕಿ.ಮೀ.ಗೆ ಇಳಿದು, ಮತ್ತೆ 100ರಿಂದ ಹತ್ತಿಕೊಂಡು ಬನ್ನಿ.